ಚಿಮಣಿ ನೋಡುವ ಕೆಲಸ

ನಮ್ಮೂರಿನಲ್ಲಿ ಯಾರೂ ದಾರಿ ಹೇಳುವುದಿಲ್ಲ. ಕೇಳಿದವರ ಜೊತೆ ಎದ್ದು ಹೊರಡುತ್ತಾರೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡು ಕೂತವನು ಕೂಡ ಮುಖದ ನೊರೆ ಒರೆಸಿಕೊಂಡು, "ಬರ್ರಿ, ಬಿಟ್ಟು ಬರ್ತೀನಿ" ಅನ್ನುತ್ತಾನೆ. ಹೊರಗಿನವರು ಇದನ್ನು ಒಳ್ಳೆಯತನ ಅಂದುಕೊಳ್ಳುತ್ತಾರೆ. ಒಳ್ಳೆಯತನವಲ್ಲ, ಬೇರೆ ಉಪಾಯವಿಲ್ಲ. "ಟ್ಯಾಂಕಿನ ಹಿಂದೆ ಎಡಕ್ಕೆ ತಿರುಗಿ" ಅಂತ ಹೇಳಿ ಕಳಿಸಿದರೆ, ಅವನು ಮೂಲೆ ತಿರುಗುವ ಹೊತ್ತಿಗೆ ಟ್ಯಾಂಕು ಅಲ್ಲಿರುತ್ತದೆಂಬ ಖಾತರಿ ಯಾರಿಗೂ ಇಲ್ಲ.

ನಮ್ಮದು ಜಂಕ್ಷನ್ನು. ನಾಲ್ಕು ಕಡೆಯಿಂದ ಹಳಿಗಳು ಬಂದು ಕೂಡುತ್ತವೆ. ಯಾವ ಕಡೆಯಿಂದ ಬಂದರೂ ರೈಲಿನ ಕಿಟಕಿಗೆ ಊರಿನ ನಾಲ್ಕು ಗುರುತುಗಳು ಕಾಣುತ್ತವೆ: ನೀರಿನ ಟ್ಯಾಂಕು, ಹತ್ತಿ ಗಿರಣಿಯ ಚಿಮಣಿ, ಹಳೆಯ ಗುಮ್ಮಟ, ಗಡಿಯಾರದ ಗೋಪುರ. ಹಳಿ ಕದಲುವುದಿಲ್ಲ, ಸ್ಟೇಷನ್ ಕದಲುವುದಿಲ್ಲ, ಮನೆಗಳು ಓಣಿಗಳು ಕದಲುವುದಿಲ್ಲ. ಈ ನಾಲ್ಕು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಗಿರಣಿ ಇದ್ದಲ್ಲೇ ಇರುತ್ತದೆ, ಅದರ ಹೊಗೆ ಬೇರೆ ಯಾವುದೋ ಓಣಿಯ ಮೇಲೆ ಏಳುತ್ತದೆ. ಚಿಮಣಿ ಬಂದ ಓಣಿಯ ಹೆಂಗಸರು ಬೈಯುತ್ತ ಒಣಹಾಕಿದ ಬಟ್ಟೆ ತೆಗೆಯುತ್ತಾರೆ. ಗಡಿಯಾರ ಬಂದ ಓಣಿಯ ಮಕ್ಕಳಿಗೆ ಶಾಲೆಗೆ ತಡವಾಯಿತೆಂಬ ನೆಪ ಸಿಗುವುದಿಲ್ಲ. ಗುಮ್ಮಟ ಬಂದರೆ ಮುದುಕರು ಅದರ ತಂಪಿನಲ್ಲಿ ಕೂತು ಚೌಕಾಬಾರ ಆಡುತ್ತಾರೆ. ಟ್ಯಾಂಕು ಬಂದರೆ ನಲ್ಲಿಗಳಲ್ಲಿ ನೀರು ಧೋ ಅಂತ ಸುರಿಯುತ್ತದೆ. ಆಗ ಆ ಓಣಿಯವರು ಬೇರೆ ಓಣಿಯ ಕೊಡಗಳಿಗೆ ಇಲ್ಲ ಅನ್ನುವಂತಿಲ್ಲ. ಇವತ್ತು ಇಲ್ಲ ಅಂದವರ ನಲ್ಲಿ ನಾಳೆ ಒಣಗಿರುತ್ತದೆ.

ಊರು ಬೆಳೆದಿದ್ದೂ ಹೀಗೆಯೇ. ಗಾಡಿ ಬದಲಿಸಲು ಇಳಿದವರು ಚಹಾಕ್ಕೆಂದು ಹೊರಗೆ ಬರುತ್ತಾರೆ, ವಾಪಸು ಬರಲು ಯಾವುದಾದರೊಂದನ್ನು ಗುರುತು ಇಟ್ಟುಕೊಳ್ಳುತ್ತಾರೆ. ಓಣಿ ಹೊಕ್ಕರೆ ಮಾಳಿಗೆಗಳು ಅಡ್ಡ ಬರುತ್ತವೆ. ಮತ್ತೆ ಕಂಡಾಗ ಗುರುತು ಇನ್ನೊಂದು ಕಡೆ ನಿಂತಿರುತ್ತದೆ. ಅಲೆದು ಅಲೆದು ಕಾಲು ಸೋತು ಯಾರದೋ ಕಟ್ಟೆಯ ಮೇಲೆ ಕೂತು ನೀರು ಕೇಳುವ ಹೊತ್ತಿಗೆ ಗಾಡಿ ಕೂಗಿ ಹೋಗಿರುತ್ತದೆ. ಕೆಲವರು ಮರುದಿನದ ಗಾಡಿ ಹತ್ತಿದರು. ಕೆಲವರು ಹತ್ತಲಿಲ್ಲ. ಹತ್ತದವರ ಮಕ್ಕಳು ಮೊಮ್ಮಕ್ಕಳೇ ನಾವು.

ನಮ್ಮಪ್ಪ ವಾಮನಪ್ಪ ಚಿತ್ರಗಾರ ಹಾಗೆ ಬಂದವನು. ಡ್ರಾಯಿಂಗ್ ಮಾಸ್ತರನ ಕೆಲಸದ ಸಂದರ್ಶನಕ್ಕೆ ಹೊರಟಿದ್ದನಂತೆ. ಸ್ಟೇಷನ್ನಿನ ಮಗ್ಗುಲಲ್ಲಿದ್ದ ಚಿಮಣಿಯನ್ನು ಗುರುತು ಹಿಡಿದುಕೊಂಡು ಹೊರಗೆ ಹೋಗಿ ಉಪ್ಪಿಟ್ಟು ತಿಂದು, ಅಷ್ಟರಲ್ಲಿ ಜಾಗ ಬದಲಿಸಿದ್ದ ಚಿಮಣಿ ನೋಡುತ್ತ ತಿರುಗಿ ನಡೆದ. ಬೇರೆಯವರನ್ನು ಚಿಮಣಿ ಊರೆಲ್ಲ ಸುತ್ತಿಸುತ್ತದೆ. ಅಪ್ಪನನ್ನು ಮಾತ್ರ ಅದು ಒಂದು ಹೆಜ್ಜೆಯೂ ಅಲ್ಲಾಡದೆ ನೆಟ್ಟಗೆ ನಮ್ಮ ಅಜ್ಜನ ಮನೆಯ ಹಿತ್ತಲಿಗೆ ತಂದು ಬಿಟ್ಟಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿಕೊಂಡು ಕೂತಿದ್ದ ಹುಡುಗಿಯೊಬ್ಬಳು ಕೆಳಗೆ ಬಗ್ಗಿ, "ಸ್ಟೇಷನ್ ಹುಡುಕಾಕತ್ತೀರೇನ್ರಿ?" ಅಂತ ಕೇಳಿ ನಕ್ಕಳು. ಅವಳೇ ನಮ್ಮವ್ವ ಲಕ್ಕವ್ವ.

ಅಪ್ಪ ಊರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತ ಉಳಿದ. ಆದರೆ ಚಿಮಣಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ಅದರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದು ನಮ್ಮ ಓಣಿಗೆ ಬಂದ ದಿನ ಬಿಸಿಲಿರಲಿ ಬಿಡಲಿ, ಕೊಡೆ ಬಿಚ್ಚಿಕೊಂಡು ಓಡಾಡುತ್ತಿದ್ದ. ಮನೆಯಲ್ಲಿ ಯಾವ ಜಗಳ ಎಲ್ಲಿಂದ ಶುರುವಾದರೂ ಅವನ ಕೊನೆಯ ಮಾತು ಒಂದೇ: "ಆ ಚಿಮಣಿ ನೋಡಿ ಕೆಟ್ಟೆ." ಅವ್ವ ಆ ಮಾತಿಗೆ ಉತ್ತರ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಹಿಟ್ಟು ಕಲೆಸುತ್ತಿದ್ದರೆ ಕಲೆಸುತ್ತಲೇ ಇರುತ್ತಿದ್ದಳು, ಸ್ವಲ್ಪ ಜೋರಾಗಿ.

ಅವ್ವ ಪ್ಲಾಟ್‌ಫಾರಂ ಮೇಲೆ ಮಿರ್ಚಿ ಭಜಿ ಮಾರುತ್ತಾಳೆ. ಮಧ್ಯಾಹ್ನದ ಮೇಲ್ ಗಾಡಿ ಇಲ್ಲಿ ಎಂಜಿನ್ ಬದಲಿಸುತ್ತದೆ. ಅಷ್ಟು ಹೊತ್ತಿನ ವ್ಯಾಪಾರದಲ್ಲಿ ಅರ್ಧ ಊರು ಉಣ್ಣುತ್ತದೆ. ಅವಳ ಭಜಿಯ ಮೇಲೆಯೇ ನಾನು ಹಾಸ್ಟೆಲಿನಲ್ಲಿದ್ದು ಓದಿದ್ದು. ಆ ಶಹರದಲ್ಲಿ ಎಲ್ಲರೂ "ಬ್ಯಾಂಕಿನ ಎದುರಿಗೆ" ಅಂತ ಹೇಳಿ ಸುಮ್ಮನಾಗುತ್ತಿದ್ದರು. ನಾನು ಮೊದಲ ವರ್ಷವೆಲ್ಲ ಬೆಳಿಗ್ಗೆ ಎದ್ದು ಬ್ಯಾಂಕು ಇದ್ದಲ್ಲೇ ಇದೆಯಾ ಅಂತ ನೋಡಿ ಬರುತ್ತಿದ್ದೆ. ಹಾಸ್ಟೆಲಿನ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದಿದೆ, ಪದವಿಯೂ ಬಂತು, ಕೆಲಸ ಬರಲಿಲ್ಲ. ಊರಿಗೆ ತಿರುಗಿ ಬಂದು ಅಪ್ಪನ ಬಣ್ಣದ ಡಬ್ಬಿಗಳ ನಡುವೆ ಕೂತೆ.

ಹೀಗಿರುವಾಗ ಹೊಸ ಸ್ಟೇಷನ್ ಮಾಸ್ತರು ಪ್ರಭಾಕರ ಶೆಣೈ ನನ್ನನ್ನು ಕರೆಸಿದರು. ಕರಾವಳಿ ಕಡೆಯವರು.

"ಕಸ್ತೂರಿ ಅಂದ್ರೆ ನೀವೇ ಅಲ್ವಾ? ಕೂತ್ಕೊಳ್ಳಿ. ನೋಡಿ ಮಾರಾಯ್ರೆ, ಊರ ಹೊರಗೆ ಹೊಸ ಹಳಿ ಹಾಕಿದ್ದಾರೆ, ಗೊತ್ತುಂಟಲ್ಲ? ಇನ್ನೊಬ್ಬ ಪ್ಯಾಸೆಂಜರು ಊರೊಳಗೆ ಹೋಗಿ ಗಾಡಿ ತಪ್ಪಿಸಿಕೊಂಡರೆ ಮೇಲ್ ಗಾಡಿಯನ್ನು ಅದರ ಮೇಲೆಯೇ ಕಳಿಸ್ತಾರಂತೆ. ಇಲ್ಲಿಗೆ ಬರುವುದೇ ಇಲ್ಲ. ಆಮೇಲೆ ನಾನು ಇಲ್ಲಿ ಕೂತು ಕಾಗೆ ಓಡಿಸುವುದು, ನಿಮ್ಮ ಅಮ್ಮ ಭಜಿ ಕಾಗೆಗೆ ಹಾಕುವುದು."

"ಏನು ಮಾಡೋಣಂತೀರಿ, ಸರ್?"

"ಒಂದು ದೊಡ್ಡ ಬೋರ್ಡು ಬರೀರಿ. 'ಸುತ್ತಲಿನ ಗುರುತುಗಳು' ಅಂತ. ಯಾವುದು ಎಲ್ಲುಂಟು, ಅದರಿಂದ ಸ್ಟೇಷನ್ನಿಗೆ ಹೇಗೆ ಬರುವುದು, ಎಲ್ಲ ಚಿತ್ರದ ಹಾಗೆ."

"ಸರ್, ಅವು ಒಂದ ಕಡೆ ನಿಲ್ಲಂಗಿಲ್ಲ."

ಶೆಣೈಯವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅದು ನನಗೂ ಗೊತ್ತುಂಟು. ನಿನ್ನೆ ನನ್ನ ಕ್ವಾರ್ಟರ್ಸಿನ ಹಿಂದೆ ಗಡಿಯಾರ ಇತ್ತು, ಇವತ್ತು ಗುಮ್ಮಟ ಉಂಟು. ಆದ್ರೆ ಮೇಲಿನವರಿಗೆ ಹಾಗೆ ಬರೀಲಿಕ್ಕೆ ಆಗ್ತದಾ? ಟ್ಯಾಂಕು ತಿರುಗಾಡ್ತದೆ ಅಂತ? ನನ್ನನ್ನು ಆಸ್ಪತ್ರೆಗೆ ಸೇರಿಸ್ತಾರೆ. ಬೋರ್ಡು ಹಾಕಿದ್ದೇವೆ ಅಂತ ತೋರಿಸಬೇಕು, ಅಷ್ಟೆ. ಚಂದ ಆದ್ರೆ ಈ ಕಡೆಯ ಎಲ್ಲ ಸ್ಟೇಷನ್ನಿನ ಬೋರ್ಡಿನ ಕೆಲಸ ನಿಮಗೇ ಕೊಡಿಸ್ತೇನೆ."

ಒಪ್ಪಿಕೊಂಡೆ. ಕೆಲಸ ಬೇಕಿತ್ತು. ಅಪ್ಪ ಕುಂಚ ಮುಟ್ಟಲಿಲ್ಲ. "ಸುಳ್ಳು ಬೋರ್ಡ್ ನೀನ ಬರಿ" ಅಂದ. "ಹೆಂಗೂ ಓದಿದಾಕಿ."

ತಗಡಿನ ಹಾಳೆ ಇಟ್ಟುಕೊಂಡು ಒಂದೊಂದನ್ನೇ ಎದುರಿಗೆ ಕೂತು ಬಿಡಿಸಿದೆ. ಚಿಮಣಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ ಬಂದಿದ್ದಾಗ ಬೆಳಗಿನಿಂದ ಸಂಜೆಯ ತನಕ ಸ್ಟೂಲಿನ ಮೇಲೆ ಕೂತಿದ್ದೆ. ಶೆಡ್ಡಿನ ಆಚೆ ಮನೆಯ ಗಂಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು.

"ಏ ಕಸ್ತೂರಿ, ನಿನ್ನ ಚಿತ್ರ ಮುಗೀತೇನು ಇಲ್ಲೇನು? ಒಂದು ತಾಸು ಎಲ್ಲೂ ನಿಲ್ಲದ ಚಿಮಣಿ ಇವತ್ಯಾಕ ಇಲ್ಲೇ ಬಡಕೊಂಡೈತಿ? ನನ್ನ ಸೀರಿಯೆಲ್ಲ ಮಸಿ ತಿಂತು. ಎದ್ದು ಹೋಗವಾ, ಅದೂ ಹೋಗ್ತದ!"

ಅವಳ ಬೈಗುಳದಲ್ಲಿದ್ದ ವಿಷಯ ನನಗೆ ಆಗ ತಟ್ಟಲಿಲ್ಲ. ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಇವು ಸ್ಥಳ ಬದಲಿಸುತ್ತವೆ" ಅಂತ ಬರೆದೆ. ಶೆಣೈಯವರು ಸೀಮೆಎಣ್ಣೆ ತರಿಸಿ ಅದನ್ನು ಒರೆಸಿಸಿದರು. ಬೋರ್ಡು ಪ್ಲಾಟ್‌ಫಾರಮ್ಮಿನ ನಡುವೆ ನಿಂತಿತು. ನಮ್ಮೂರಿನವರು ಬಂದು ನೋಡಿ, "ಚೆಂದ ಆಗೇತಿ" ಅಂತ ನಕ್ಕು ಹೋದರು.

ಮರುದಿನದ ಮೇಲ್ ಗಾಡಿಯಿಂದ ಒಂದು ಬ್ಯಾಂಡ್ ಕಂಪನಿ ಇಳಿಯಿತು. ಕೆಂಪು ಕೋಟು, ಹಿತ್ತಾಳೆ ಗುಂಡಿ. ಮುಂದಿನ ಊರಿನ ಮದುವೆಗೆ ಹೊರಟಿದ್ದವರು. ಮುಖಂಡ ದ್ಯಾಮಣ್ಣ ಭಜಂತ್ರಿ ಬಗಲಲ್ಲಿ ಕ್ಲಾರಿನೆಟ್ ಇಟ್ಟುಕೊಂಡು ನನ್ನ ಬೋರ್ಡನ್ನು ಬೆರಳಿಟ್ಟು ಓದಿದ.

"ಗುಮ್ಮಟ ಐತಂತಲೇ. ಎಂಜಿನ್ ಬದಲಿ ಆಗೋದ್ರಾಗ ನೋಡಿ ಬರೋಣು, ನಡೀರಿ."

"ನಿಲ್ರಿ ಅಣ್ಣಾರ, ನಾ ಕರಕೊಂಡು ಹೋಗ್ತೀನಿ" ಅಂದೆ.

"ನಿನಗ್ಯಾಕ ತ್ರಾಸ, ತಂಗಿ? ಬೋರ್ಡ್ ಐತಲ್ಲ. ಚಿಮಣಿ ಹಿಡಕೊಂಡು ಬಂದ್ರ ಸ್ಟೇಷನ್." ಅವನು ಗೂಡ್ಸ್ ಶೆಡ್ಡಿನ ಹಿಂದೆ ಕೈ ತೋರಿಸಿದ. ಆ ಗಳಿಗೆಗೆ ಚಿಮಣಿ ಅಲ್ಲಿಯೇ ಇತ್ತು, ನನ್ನ ಚಿತ್ರಕ್ಕೆ ಸಾಕ್ಷಿ ಹೇಳಲು ಬಂದಂತೆ. "ಯಾರು ಬರದಾರೋ, ಭಾಳ ಚಲೋ ಬರದಾರ" ಅಂತ ಹೇಳಿ ಐದಾರು ಜನ ಗೇಟು ದಾಟಿಬಿಟ್ಟರು. ಹೊಗಳಿಕೆ ನುಂಗಿಕೊಂಡು ಒಂದು ಗಳಿಗೆ ನಿಂತೆ. ಆಮೇಲೆ ಓಡಿದರೆ ಓಣಿಯಲ್ಲಿ ಯಾರೂ ಇರಲಿಲ್ಲ.

ದೊಡ್ಡ ಡೋಲು ಬಾರಿಸುವ ಮುದುಕಪ್ಪ ಮಾತ್ರ ಡೋಲಿನ ಕಾವಲಿಗೆ ಗಾಡಿಯ ಡಬ್ಬಿಯಲ್ಲೇ ಕೂತಿದ್ದ. ಕಿಟಕಿಯಿಂದ ಕೈ ಚಾಚಿ ಅವ್ವನ ಭಜಿ ತಿನ್ನುತ್ತಿದ್ದವನು ಒಮ್ಮೆಲೇ ಬಾಯಿ ನಿಲ್ಲಿಸಿದ.

"ಅಕ್ಕಾರ, ಇಲ್ಲಿದ್ದ ಚಿಮಣಿ ಎಲ್ಲಿ ಹೋತ್ರಿ?"

ಗೂಡ್ಸ್ ಶೆಡ್ಡಿನ ಹಿಂದೆ ಬರೀ ಆಕಾಶವಿತ್ತು. ಅವ್ವ ಭಜಿ ತೆಗೆಯುವ ಜಾರಿ ಕೈಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಹಮಾಲರು ಓಣಿಗೊಬ್ಬರಂತೆ ಹುಡುಕಲು ಓಡಿದರು. ಆದರೆ ಗುಮ್ಮಟವೂ ಕದಲಿತ್ತು, ಬ್ಯಾಂಡಿನವರು ಯಾವ ಕಡೆ ಹೋದರೆಂದು ಹೇಳುವವರಿರಲಿಲ್ಲ. ಎಂಜಿನ್ ಬದಲಾಗಿ ಮುಗಿದಿತ್ತು. ಗಾರ್ಡು ಹಸಿರು ಬಾವುಟ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಶೆಣೈಯವರು ಅವನ ಮುಂದೆ ಕೈ ಮುಗಿಯುವುದೊಂದು ಬಾಕಿ.

"ಒಂದು ಸ್ವಲ್ಪ ನಿಲ್ಲಿಸಿ ಮಾರಾಯ್ರೆ. ಇವತ್ತು ಇಡೀ ಬ್ಯಾಂಡಿಗೇ ಗಾಡಿ ತಪ್ಪಿದರೆ ನಾಳೆಯಿಂದ ನೀವು ಈ ಊರಿಗೆ ಬರುವುದೇ ಇಲ್ಲ."

ಆಗ ನನಗೆ ಗಂಗವ್ವನ ಸೀರೆ ನೆನಪಾಯಿತು. ನಾನು ನೋಡುತ್ತ ಕೂತ ದಿನ ಚಿಮಣಿ ಕದಲಿರಲಿಲ್ಲ. ಟ್ಯಾಂಕು ಬಿಡಿಸಿದ ದಿನ ಆ ಓಣಿಯವರು ಸಂಜೆಯ ತನಕ ನೀರು ತುಂಬಿಕೊಂಡಿದ್ದರು. ನೋಡುತ್ತಿರುವಾಗ ಅವು ಕದಲುವುದಿಲ್ಲ. ನಮ್ಮೂರಿನಲ್ಲಿ ಇದು ಯಾರಿಗೂ ಗೊತ್ತಾಗದೆ ಹೋಗಿದ್ದು ಹೇಗೆಂದರೆ, ನಾವು ಅವುಗಳನ್ನು ನೋಡುವುದನ್ನೇ ಬಿಟ್ಟಿದ್ದೇವೆ. ಮೋಸ ಹೋದವರ ಮಕ್ಕಳು. ಹುಟ್ಟಿದಾಗಿನಿಂದ ಹಳಿ ನೋಡಿ ನಡೆಯುತ್ತೇವೆ, ಎದುರಿಗೆ ಬಂದವರ ಮುಖ ನೋಡಿ ನಡೆಯುತ್ತೇವೆ. ಕಣ್ಣು ಮೇಲಕ್ಕೆ ಹೋಗುವುದು ಹೊಗೆಯೋ ನೀರೋ ಕಾಡಿದಾಗ ಮಾತ್ರ.

ಯಾರೂ ನೋಡದಿದ್ದರೆ ಚಿಮಣಿ ಶೆಡ್ಡಿನ ಹಿಂದಕ್ಕೆ ತಿರುಗಿ ಬಂದೀತು ಅಂತ ಶೆಣೈಯವರ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ಒಂದು ಸಲ, ಗಾರ್ಡನ್ನು ಒಂದು ಸಲ ನೋಡಿದರು. "ಹುಚ್ಚು ಊರಿನಲ್ಲಿ ಹುಚ್ಚು ಔಷಧ" ಅಂತ ಗೊಣಗಿ ಮೈಕಿನ ಕೋಣೆಗೆ ಹೊರಟರು.

ಆದರೆ ಚಿಮಣಿ ಬಂದರೆ ಅದನ್ನು ಹಿಡಿದು ನಿಲ್ಲಿಸುವವರು ಬೇಕಲ್ಲ. ನಾನು ಬ್ಯಾಂಡಿನವರನ್ನು ಎದುರುಗೊಳ್ಳಲು ಓಣಿಯ ಬಾಯಿಗೆ ಹೋಗಬೇಕಿತ್ತು. ಒಬ್ಬ ಹಮಾಲನಿಗೆ ಮರದ ತುದಿ ತೋರಿಸಿ, "ಇದನ್ನ ನೋಡಕೋಂತ ನಿಲ್ಲು" ಅಂತ ಪರೀಕ್ಷೆ ಮಾಡಿದೆ. ಒಂದು ಉಸಿರಿನೊಳಗೆ ಅವನ ಕಣ್ಣು ಹಳಿಗೆ ಜಾರಿತು. ಅಭ್ಯಾಸ. ಅಷ್ಟರಲ್ಲಿ ಅಪ್ಪ ಎಂದಿನಂತೆ ಅವ್ವನಿಗೆ ಕಡಲೆಹಿಟ್ಟಿನ ಡಬ್ಬಿ ತಂದ. ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಕಣ್ಣು ಕೀಳದೆ ನೋಡುವುದನ್ನು ಕಲಿತು ಬಂದವನು ಇಡೀ ಊರಿಗೆ ಅವನೊಬ್ಬನೇ.

"ಅಪ್ಪ, ನೀ ಚಿಮಣಿ ನೋಡಬೇಕು."

"ಅದರ ಮಾರಿ ನಾ ನೋಡಂಗಿಲ್ಲ." ಡಬ್ಬಿ ಕೆಳಗಿಟ್ಟ. "ಒಮ್ಮೆ ನೋಡಿದ್ದು ಸಾಕಾಗೇತಿ."

"ಬ್ಯಾಂಡಿನವರು ತಪ್ಪಿಸಿಕೊಂಡಾರ. ಗಾಡಿ ನಿಲ್ಲೋದು ಬಂದ್ ಆಗ್ತದ. ಅವ್ವನ ಭಜಿ ಯಾರು ತಿಂತಾರ?"

"ಬ್ಯಾರೆ ಯಾರಿಗರೆ ಹೇಳು. ಆ ಚಿಮಣಿ ನೋಡಿ ನಾ ಕೆಟ್ಟೆ."

ಅವ್ವ ಬಾಣಲೆಯ ಕೆಳಗಿನ ಉರಿ ಆರಿಸಿದಳು. ಗಾಡಿ ನಿಂತಿರುವಾಗ ಅವಳು ಒಲೆ ಆರಿಸಿದ್ದು ಅದೇ ಮೊದಲು.

"ಯಾರ ಮನಿಗೆ ಬಂದು ಕೆಟ್ಟೀರಿ?" ಅಂದಳು.

ಅಪ್ಪ ಬಗ್ಗಿ ಹಿಟ್ಟಿನ ಡಬ್ಬಿಯ ಮುಚ್ಚಳ ಸರಿಮಾಡಿದ.

"ಹೇಳ್ರಿ. ಇಷ್ಟು ವರ್ಷ ಕೇಳೀನಿ. ಚಿಮಣಿ ನೋಡಿ ಕೆಟ್ಟೆ, ಚಿಮಣಿ ನೋಡಿ ಕೆಟ್ಟೆ. ಚಿಮಣಿ ನಿಮ್ಮನ್ನ ಬಾವಿಗೆ ದಬ್ಬಲಿಲ್ಲ, ನಮ್ಮಪ್ಪನ ಹಿತ್ತಲಕ್ಕ ತಂದು ಬಿಟ್ಟಿತು. ಕೆಟ್ಟಿದ್ದು ಅಂದ್ರ ನಾನಾ? ಈ ಹುಡುಗಿನಾ? ಹಂಗಿದ್ರ ಗಾಡಿ ನಿಂತೈತಿ, ಹತ್ತಿ ಹೋಗ್ರಿ. ನಾಳಿಂದ ಅದೂ ಇರಂಗಿಲ್ಲ."

ಮುದುಕಪ್ಪ ಕಿಟಕಿಯಲ್ಲಿ ಭಜಿ ಕೈಲಿ ಹಿಡಿದು ಕಲ್ಲಾಗಿದ್ದ. ಅಪ್ಪ ಗಾಡಿಯ ಕಡೆ ನೋಡಿದ. ನಿಜವಾಗಿ ನೋಡಿದ, ಬಾಗಿಲು ತೆರೆದಿತ್ತು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ.

"ಯಾವ ಕಡೆ ನೋಡಬೇಕು?" ಅಂದ.

ಮೈಕು ಕೆಮ್ಮಿತು. "ಪ್ರಯಾಣಿಕರ ಗಮನಕ್ಕೆ. ಪ್ಲಾಟ್‌ಫಾರಮ್ಮಿನಲ್ಲಿ ಇರುವವರು, ಗಾಡಿಯ ಒಳಗೆ ಇರುವವರು, ದಯವಿಟ್ಟು ಎಲ್ಲರೂ ಕಣ್ಣು ಮುಚ್ಚಿಕೊಳ್ಳಬೇಕು. ಯಾಕೆ ಅಂತ ಕೇಳಬಾರದು. ಗಡಿಬಿಡಿ ಮಾಡಬಾರದು. ಕಿಸೆಯ ಮೇಲೆ ಕೈ ಇಟ್ಟುಕೊಳ್ಳಬಹುದು."

ಇಡೀ ಮೇಲ್ ಗಾಡಿ ಕಣ್ಣು ಮುಚ್ಚಿತು. ಯಾರೋ ನಕ್ಕರು, ಒಂದು ಕೂಸು ಅತ್ತಿತು. ಅಪ್ಪನೂ ಕಣ್ಣು ಮುಚ್ಚಿ ಗೂಡ್ಸ್ ಶೆಡ್ಡಿಗೆ ಎದುರಾಗಿ ನಿಂತಿದ್ದ. "ಈಗ ತೆರಿ" ಅಂದೆ. ಶೆಡ್ಡಿನ ಹಿಂದೆ ಗಡಿಯಾರದ ಗೋಪುರ ನಿಂತು ಎಷ್ಟು ತಡವಾಗಿದೆ ಅಂತ ತೋರಿಸುತ್ತಿತ್ತು. ಮತ್ತೆ ಮುಚ್ಚಿದರು. ಈ ಸಲ ಟ್ಯಾಂಕು ಬಂದು ಶೆಡ್ಡಿನ ನಲ್ಲಿ ಧೋ ಅಂತ ಸುರಿಯಿತು. ಗಾರ್ಡು ಪೀಪಿ ಬಾಯಿಗಿಟ್ಟುಕೊಂಡ. "ಇದೊಂದು ಸಲ" ಅಂದರು ಶೆಣೈಯವರು ಮೈಕಿನಲ್ಲಿಯೇ, ಊರಿಗೆಲ್ಲ ಕೇಳುವ ಹಾಗೆ.

ಮೂರನೆಯ ಸಲ ಅಪ್ಪ ಕಣ್ಣು ತೆರೆದವನು ಕನ್ನಡಕ ಮೂಗಿಗೆ ಒತ್ತಿಕೊಂಡ. ನಾನು ತಿರುಗಿ ನೋಡಿದೆ. ಚಿಮಣಿ.

"ಬಿಡಬ್ಯಾಡ" ಅಂತ ಹೇಳಿ ಓಡಿದೆ.

ಓಡಬೇಕಾಗಿರಲಿಲ್ಲ. ಗೇಟು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ಕೋಟುಗಳು ಓಣಿಯಿಂದ ಹೊರಬಿದ್ದವು. ಬೆವರಿಳಿದು ಕಾಲರು ಕಪ್ಪಾಗಿತ್ತು. ದ್ಯಾಮಣ್ಣ ತಲೆ ಎತ್ತಿಕೊಂಡೇ ಚಿಮಣಿಯ ಕಡೆ ಬರುತ್ತಿದ್ದ, ಕೆಳಗೆ ನೋಡಿದರೆ ಕಳೆದುಹೋಗುತ್ತದೆಂಬ ಹೆದರಿಕೆಯಲ್ಲಿ.

"ಏನು ಊರಬೇ ತಂಗಿ ನಿಮ್ಮದು! ಚಿಮಣಿ ನಮ್ಮನ್ನ ದನ ತಿರುಗಿಸಿದಂಗ ತಿರುಗಿಸ್ತು. ಈಗಷ್ಟ ನೆಟ್ಟಗ ನಿಂತೈತಿ."

"ಮಾತು ಆಮ್ಯಾಲೆ, ಅಣ್ಣಾರ. ಗಾಡಿ ಹತ್ರಿ."

ಹತ್ತಿದರು. ಗಾರ್ಡು ಪೀಪಿ ಊದಿದ. ಗಾಡಿ ಕದಲಿದ ಮೇಲೆ ದ್ಯಾಮಣ್ಣ ಬಾಗಿಲಲ್ಲಿ ನಿಂತು ಕ್ಲಾರಿನೆಟ್ ಊದಿದ, ಒಳಗಿನಿಂದ ಮುದುಕಪ್ಪನ ಡೋಲು ಕೇಳಿತು. ಮದುವೆಯ ಹಾಡು. ಶೆಣೈಯವರು ಮೈಕಿನ ಕೋಣೆಯ ಮೆಟ್ಟಿಲ ಮೇಲೆ ಕುಸಿದು ಕೂತು ಟೋಪಿಯಿಂದ ಗಾಳಿ ಹಾಕಿಕೊಂಡರು.

ಅಪ್ಪ ಮಾತ್ರ ಅಲ್ಲೇ ನಿಂತಿದ್ದ, ಕಣ್ಣು ಕೀಳದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟು ಹೊತ್ತು ರೆಪ್ಪೆ ಹೊಡೆಯದಿದ್ದರೆ ಯಾರಿಗಾದರೂ ಬರುತ್ತದೆ.

ಅವ್ವ ಒಲೆ ಮತ್ತೆ ಹಚ್ಚಿ, ಒಂದು ಕಾಗದದಲ್ಲಿ ಭಜಿ ಕಟ್ಟಿ ಅವನ ಕೈಗಿಟ್ಟಳು. "ಗಾಡಿ ಹೋತು. ಸಾಕು ಬಿಡ್ರಿ."

"ಇರು. ಮ್ಯಾಲಿನ ಸುತ್ತಿನ ಇಟ್ಟಿಗಿ ಸಡ್ಲಾಗ್ಯಾವ." ನೋಡುತ್ತಲೇ ಒಂದು ಭಜಿ ಬಾಯಿಗಿಟ್ಟ. ಅಗಿದ. ಆಮೇಲೆ ನಿಧಾನವಾಗಿ ಅಂದ, "ಅವತ್ತ ಇದು ಅಲ್ಲಾಡಲಿಲ್ಲ, ಲಕ್ಕವ್ವ. ಎಲ್ಲರನ್ನೂ ಸುತ್ತಿಸ್ತದ. ನನಗ ಮಾತ್ರ ನಿಮ್ಮ ಹಿತ್ತಲದ ಮ್ಯಾಲೆ ಗೂಟ ಬಡದಂಗ ನಿಂತಿತ್ತು. ನೋಡಿದ್ರ ನಿಲ್ತದ ಅಂತಾಳ ನಿನ್ನ ಮಗಳು. ಹಂಗಾದ್ರ ಅವತ್ತ ಯಾರು ನೋಡಾಕತ್ತಿದ್ರು?"

ಅವ್ವ ಮೆಣಸಿನಕಾಯಿ ಸೀಳುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾ."

"ಏನು?"

"ಮಾಳಗಿ ಮ್ಯಾಲೆ ಮೆಣಸಿನಕಾಯಿ ಹಾಕಿದ್ದೆ. ಹಾಳಾದ್ದು ಬಂದು ಹಿತ್ತಲದಾಗ ನಿಂತಿತು. ಮಸಿ ಬೀಳ್ತದ, ಯಾವಾಗ ಹೋಗ್ತದಪ್ಪಾ ಇದು ಅಂತ ಅದನ್ನ ಗುರಾಯಿಸಿಕೋಂತ ಕುಂತಿದ್ದೆ. ಭಾಳ ಹೊತ್ತು ಕುಂತೆ. ಹೋಗಲೇ ಇಲ್ಲ." ಸೀಳಿದ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. "ಕೆಳಗ ನೋಡಿದ್ರ ನೀವು."

ಅಪ್ಪ ಅವ್ವನ ಕಡೆ ತಿರುಗಿದ. ಆ ಗಳಿಗೆಯಲ್ಲಿ ಚಿಮಣಿ ಹೋಯಿತು. ಯಾರೂ ಅದರ ಕಡೆ ನೋಡಲಿಲ್ಲ.

ಮೇಲ್ ಗಾಡಿ ಈಗಲೂ ಬರುತ್ತದೆ. ಅದು ನಿಂತಿರುವಷ್ಟು ಹೊತ್ತು ನಾಲ್ಕು ಗುರುತಿಗೂ ಕಾವಲಿದೆ. ಚೌಕಾಬಾರ ಆಡುತ್ತಿದ್ದ ಮುದುಕರಿಗೆ ಅಪ್ಪ ನೋಡುವುದನ್ನು ಕಲಿಸುತ್ತಿದ್ದಾನೆ, ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಕಣ್ಣು ಜಾರಿದವನ ತೊಡೆಗೆ ಅಡಿಕೋಲಿನಿಂದ ತಟ್ಟಿ. "ಮಾಸ್ತರ, ನಮ್ಮನ್ನೂ ಫೇಲ್ ಮಾಡ್ತೀರೇನ್ರಿ?" ಅಂತ ಅವರು ಚೇಷ್ಟೆ ಮಾಡುತ್ತಾರೆ. ಮಾಸ್ತರ ಅಂತ ಕರೆಸಿಕೊಂಡಾಗ ಅಪ್ಪನ ಮುಖ ನೋಡಬೇಕು. ಗಾಡಿ ಹೋದ ಮೇಲೆ ಎಲ್ಲರೂ ಕಣ್ಣು ಉಜ್ಜಿಕೊಂಡು ಎದ್ದು ಹೋಗುತ್ತಾರೆ, ಗುರುತುಗಳು ತಮ್ಮ ಪಾಡಿಗೆ ತಿರುಗುತ್ತವೆ. ಗಂಗವ್ವ ಆ ಹೊತ್ತಿಗೆ ಬಟ್ಟೆ ಒಣಹಾಕುವುದನ್ನು ಬಿಟ್ಟಿದ್ದಾಳೆ. ನನಗೆ ಪಕ್ಕದ ಸ್ಟೇಷನ್ನಿನ ಬೋರ್ಡಿನ ಕೆಲಸ ಸಿಕ್ಕಿದೆ. ಅಲ್ಲಿ ಗುರುತುಗಳು ನಿಂತಲ್ಲೇ ನಿಂತಿರುತ್ತವೆ. ಬೇಗ ಮುಗಿಯುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ.

ಮೊನ್ನೆ ನಾನು ಬಣ್ಣದ ಡಬ್ಬಿ ಹೊಂದಿಸಿಕೊಂಡು ಹೊರಟಿದ್ದಾಗ ಅಪ್ಪ ನನ್ನ ಹಳೆಯ ಬೋರ್ಡಿನ ಮುಂದೆ ಕುಂಚ ಹಿಡಿದು ನಿಂತಿದ್ದ.

"ಚಿಮಣಿ ಎಡಕ್ಕ ವಾಲೇತಿ" ಅಂದ. "ನೀ ನೆಟ್ಟಗ ಬರದೀ. ಸರಿಯಾಗಿ ನೋಡೇ ಇಲ್ಲ."

"ಮೇಲ್ ಗಾಡಿ ಬರೋ ಹೊತ್ತಾತು" ಅಂತ ಅವ್ವ ಬಾಣಲೆಯ ಹಿಂದಿನಿಂದ ಕೂಗಿದಳು. "ಮೊದಲು ಹೋಗಿ ನೋಡ್ರಿ. ಆಮ್ಯಾಲೆ ತಿದ್ದೀರಂತ."